ಕಣದ ವಿಳಾಸ

ಟಿಂಗ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಂಗ್. ನಡುವೆ ಹುರಿಗಾಳು ಸಿಡಿದ ಹಾಗೆ ಚಟಪಟ ಸದ್ದು. ಶಿಕಾರಿಪುರದಲ್ಲಿ ಕೆರೆ ಏರಿ ಇಳಿದು ಸಂತೆ ಮೈದಾನಕ್ಕೆ ಹೋಗುವ ಓಣಿಯಲ್ಲಿ ಬೆಳಿಗ್ಗೆ ಆರೂವರೆಗೆ ಈ ಸದ್ದು ಶುರುವಾಗುತ್ತದೆ. ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತ ಹೆಂಗಸರು ಗಡಿಯಾರ ನೋಡುವುದಿಲ್ಲ. "ನೀಲಕ್ಕನ ಮಿಷನ್ನು ಶುರುವಾತು, ಮಕ್ಕಳನ್ನ ಎಬ್ಬಿಸ್ಬೇಕು" ಅನ್ನುತ್ತಾರೆ.

ಟೈಪ್‌ರೈಟರಿನ ಗಂಟೆ ಬಡಿಯುವುದು ಸಾಲು ಮುಗಿಯುತ್ತಾ ಬಂತೆಂದು ಹೇಳಲಿಕ್ಕೆ. ಬಡಿದ ಮೇಲೆ ಎಡಗೈಯಿಂದ ಹಿಡಿ ತಳ್ಳಿ ಮುಂದಿನ ಸಾಲಿಗೆ ಹೋಗಬೇಕು. ಹೋಗದಿದ್ದರೆ ಅಕ್ಷರದ ಮೇಲೆ ಅಕ್ಷರ ಬಿದ್ದು ಕಾಗದದ ಅಂಚು ಕಪ್ಪಾಗುತ್ತದೆ. ನೀಲಕ್ಕ ಒಳಗೆ ರೊಟ್ಟಿ ತಟ್ಟುತ್ತಿದ್ದರೂ ಯಾವ ಮಿಷನ್ನಿನ ಗಂಟೆ ಬಡಿಯಿತು, ಯಾರು ಹಿಡಿ ತಳ್ಳಲಿಲ್ಲ ಎಂದು ಅವರಿಗೆ ಗೊತ್ತಾಗಿಬಿಡುತ್ತದೆ.

"ಐದನೇ ಮಿಷನ್ನು! ಎಲ್ಲಿ ನೋಡ್ತಿದೀಯೇ?"

ಐದನೇ ಮಿಷನ್ನಿನ ಹುಡುಗಿ ಕಿಟಕಿಯಿಂದ ಕಣ್ಣು ಕಿತ್ತು ಹಿಡಿ ತಳ್ಳುತ್ತಾಳೆ.

ಅವರ ಪೂರ್ತಿ ಹೆಸರು ನೀಲಾಂಬಿಕ. ತವರು ಸೊರಬ ತಾಲ್ಲೂಕಿನ ಕುಬಟೂರು. ತಂದೆ ಮಹೇಶ್ವರಪ್ಪ ಅಲ್ಲಿ ಭತ್ತ ಬೆಳೆಯುವವರು. ಗಂಡ ಚಂದ್ರಶೇಖರಪ್ಪನವರಿಗೆ ಶಿಕಾರಿಪುರ ಬಸ್ ನಿಲ್ದಾಣದ ಹಿಂದೆ ಗೋಣಿಚೀಲದ ಅಂಗಡಿ. ಮನೆಯ ಮುಂಭಾಗದ ಉದ್ದನೆಯ ಕೋಣೆಯಲ್ಲಿ ಹತ್ತು ಟೈಪ್‌ರೈಟರುಗಳು. ಎಪ್ಪತ್ತೊಂಬತ್ತರಲ್ಲಿ ಎರಡರಿಂದ ಶುರು ಮಾಡಿದ ಟೈಪಿಂಗ್ ಶಾಲೆ. ಈಗ ಯಾವ ತಾಲ್ಲೂಕು ಕಚೇರಿಗೆ ಹೋದರೂ ಮೇಜಿನ ಹಿಂದಿನಿಂದ ಇಲ್ಲಿ ಕಲಿತ ಹುಡುಗಿಯೊಬ್ಬಳು ಎದ್ದು, "ನೀಲಕ್ಕಾ, ನೀವು ಸಾಲಲ್ಲಿ ಯಾಕೆ ನಿಂತಿದೀರಿ?" ಎಂದು ಕುರ್ಚಿ ಎಳೆಯುತ್ತಾಳೆ. ಅದು ಅವರಿಗೆ ಇಷ್ಟ. ತೋರಿಸಿಕೊಳ್ಳುವುದಿಲ್ಲ. ಸೆರಗು ಸರಿಮಾಡಿಕೊಂಡು, ಆ ಹುಡುಗಿಯ ಮುಂದಿರುವ ಹಾಳೆಯ ಮೇಲೆ ಕಣ್ಣಾಡಿಸಿ, ಅಲ್ಪವಿರಾಮ ಬಿಟ್ಟುಹೋಗಿದ್ದರೆ ಬೆರಳಿಟ್ಟು ತೋರಿಸಿ ಬರುತ್ತಾರೆ.

ಅವರೇ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಬೇಕಿತ್ತು. ಆಗದೇ ಹೋದದ್ದು ಒಂದು ಕಣದಿಂದ.

ಎಪ್ಪತ್ತಾರರ ಸುಗ್ಗಿ. ನೀಲಕ್ಕನಿಗೆ ಇಪ್ಪತ್ತು ವರ್ಷ. ಸೊರಬದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಪಿಯುಸಿ ಮುಗಿಸಿ, ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಊರಿಗೆ ಬಂದಿದ್ದರು. ಸುಗ್ಗಿ ಅಂದರೆ ಆ ಕಡೆ ಮನೆಗೆ ಚಿಲಕ ಹಾಕಿ ಎಲ್ಲರೂ ಕಣಕ್ಕೆ ಹೋಗುವುದು. ಗದ್ದೆಯ ಪಕ್ಕದ ಬಯಲನ್ನು ಕೆತ್ತಿ, ನೀರು ಹೊಡೆದು, ಸಗಣಿ ಸಾರಿಸಿ ಕಣ ಮಾಡುತ್ತಾರೆ. ಅದರ ಅಂಚಿಗೆ ಹುಲ್ಲಿನ ಗುಡಿಸಲು. ಒಂದೂವರೆ ತಿಂಗಳು ಊಟ, ನಿದ್ದೆ, ಜಗಳ, ನಗು ಎಲ್ಲ ಅಲ್ಲೇ. ಅಂಚೆಯ ಜಟ್ಟಪ್ಪ ಕೂಡ ಕಾಗದಗಳನ್ನು ನೇರ ಕಣಕ್ಕೇ ತಂದು, ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತಿದ್ದ. ಭತ್ತ ಮನೆ ಸೇರಿದ ಮೇಲೆ ಗುಡಿಸಲು ಬಿಚ್ಚುತ್ತಾರೆ. ಬಯಲು ಮತ್ತೆ ಬಯಲಾಗುತ್ತದೆ.

ಆ ಗುಡಿಸಲಿನಲ್ಲಿ ಕೂತು, ಮೊಣಕಾಲ ಮೇಲೆ ಮೊರ ಬೋರಲು ಹಾಕಿಕೊಂಡು ನೀಲಕ್ಕ ಕೆಲಸದ ಅರ್ಜಿ ತುಂಬಿದರು. ವಿಳಾಸದ ಜಾಗದಲ್ಲಿ ಬರೆದರು: ಮಹೇಶ್ವರಪ್ಪನವರ ಕಣ, ಊರ ಪಡುವಣಕ್ಕೆ, ಕುಬಟೂರು. ಆಗ ಅವರು ಇದ್ದದ್ದು ಅಲ್ಲೇ. ಕಾಗದ ಬರುತ್ತಿದ್ದದ್ದೂ ಅಲ್ಲಿಗೇ. ತಪ್ಪು ಎಂದು ಯಾರಿಗೂ ಹೊಳೆಯಲಿಲ್ಲ.

ಸಂದರ್ಶನದ ಕರೆ ಬಂದದ್ದು ಏಪ್ರಿಲ್‌ನಲ್ಲಿ. ಜಟ್ಟಪ್ಪ ಮಗಳ ಮದುವೆಗೆಂದು ರಜೆಯಲ್ಲಿದ್ದ. ಬದಲಿಗೆ ಬಂದವನು ಊರಿಗೆ ಹೊಸಬ. ವಿಳಾಸದಲ್ಲಿ ಬರೆದಂತೆ ಪಡುವಣಕ್ಕೆ ಹೋದ. ಅಲ್ಲಿ ಗುಡಿಸಲಿರಲಿಲ್ಲ. ಇಟ್ಟಿಗೆ ಮಾಡುವವರು ಬಂದು ಮಣ್ಣು ಕಲಸುತ್ತಿದ್ದರು. ಅವರೇ ಮನೆಯವರಿರಬೇಕೆಂದು ಕಾಗದ ಕೊಟ್ಟು ಹೋದ. ಓದು ಬಾರದ ಅವರು ಯಾರಾದರೂ ಕೇಳಿಕೊಂಡು ಬಂದಾರು ಎಂದು ಅದನ್ನು ಒಂದು ಹಸಿ ಇಟ್ಟಿಗೆಯ ಕೆಳಗೆ ಜೋಪಾನ ಮಾಡಿದರು. ಸಂದರ್ಶನ ಕಳೆದು ಹದಿನೇಳು ದಿನಕ್ಕೆ ಅದು ಮನೆಗೆ ಬಂತು. ಅದರ ಮೇಲೆ ಕೆಂಪು ಬೆರಳ ಗುರುತುಗಳು.

ಆ ಲಕೋಟೆ ಈಗಲೂ ಇದೆ. ಮೊದಲನೇ ಟೈಪ್‌ರೈಟರಿನ ಮರದ ಪೆಟ್ಟಿಗೆಯೊಳಗೆ, ಹಳೆಯ ರಿಬ್ಬನ್ನುಗಳ ಕೆಳಗೆ. ನೀಲಕ್ಕ ಅದನ್ನು ತೋರಿಸಿ ಅತ್ತದ್ದನ್ನು ಯಾರೂ ನೋಡಿಲ್ಲ. "ವಿಳಾಸ ನಾನೇ ಬರೆದದ್ದಲ್ವೇನೇ, ಇನ್ಯಾರನ್ನ ಬಯ್ಯಲಿ?" ಅನ್ನುತ್ತಾರೆ, ಅಷ್ಟೇ.

ತೊಂಬತ್ತಾರಕ್ಕೆ ಟೈಪಿಂಗ್ ಕಲಿಯುವವರು ಅರ್ಧಕ್ಕಿಳಿದರು. ನೀಲಕ್ಕ ಶಿವಮೊಗ್ಗಕ್ಕೆ ಹೋಗಿ ಬಳಸಿದ ಎರಡು ಕಂಪ್ಯೂಟರ್ ತಂದರು. ಚಂದ್ರಶೇಖರಪ್ಪ ಅವನ್ನು ಗೋಣಿಚೀಲಗಳ ನಡುವೆ ಇಟ್ಟು, ಬೆಣ್ಣೆಯಂತೆ ಹಿಡಿದುಕೊಂಡು ಲಾರಿಯಲ್ಲಿ ಬಂದರು. ಟೈಪಿಂಗ್ ಕೋಣೆಯ ಕೊನೆಗೆ ಹಸಿರು ಪರದೆ ಕಟ್ಟಿ, ಅದರ ಹಿಂದೆ ಕಂಪ್ಯೂಟರ್ ಕೋಣೆ ಆಯಿತು. ಪರದೆಯ ಹೊರಗೆ ಚಪ್ಪಲಿ ಬಿಡಬೇಕು.

"ಇದನ್ನ ಯಾರು ಕಲಿಸ್ತಾರೆ?" ಎಂದು ಚಂದ್ರಶೇಖರಪ್ಪ ಕೇಳಿದರು.

"ನಾನೇ."

"ನಿಂಗೆ ಯಾರು ಕಲಿಸ್ತಾರೆ?"

"ಪುಸ್ತಕ ಐತಲ್ಲ."

"ಇಂಗ್ಲಿಷ್ ಪುಸ್ತಕ ಕಣೇ ಅದು. ನಾನು ಚೀಲದ ಮೇಲಿನ ಇಂಗ್ಲಿಷ್ ಓದೋಕೇ ಕನ್ನಡಕ ಹಾಕ್ತೀನಿ."

"ನೀವು ಚೀಲ ಓದಿ. ನಾನು ಪುಸ್ತಕ ಟೈಪ್ ಮಾಡ್ತೀನಿ."

ನಿಜವಾಗಿಯೂ ಹಾಗೇ ಮಾಡಿದರು. ಕಂಪ್ಯೂಟರಿಗೆ ಕೆಲಸ ಹೇಳುವ ಸಿ ಭಾಷೆಯ ಆ ಪುಸ್ತಕವನ್ನು ಮೊದಲ ಪುಟದಿಂದ ಹಿಡಿದು ಟೈಪ್‌ರೈಟರಿನಲ್ಲಿ ಹೊಡೆದರು. ಬೆರಳಿನಿಂದ ದಾಟಿದ್ದು ಮಾತ್ರ ತಲೆಗೆ ಹೋಗುತ್ತದೆ ಎಂಬುದು ಅವರ ನಂಬಿಕೆ. ಮಧ್ಯಾಹ್ನ ಎರಡರಿಂದ ನಾಲ್ಕು, ಪಕ್ಕದಲ್ಲಿ ಅರ್ಥಕೋಶ. ಒಂದು ಅರ್ಧವಿರಾಮ ತಪ್ಪಿದರೂ ಕಂಪ್ಯೂಟರ್ ಸಿಟ್ಟಾಗುತ್ತದೆ ಎಂದು ಕಾಲೇಜಿನ ಹುಡುಗರು ಗೋಳಾಡುತ್ತಿದ್ದ ಕಾಲದಲ್ಲಿ, ನೀಲಕ್ಕನ ಪ್ರೋಗ್ರಾಮಿನಲ್ಲಿ ಒಂದು ಚಿಹ್ನೆಯೂ ತಪ್ಪುತ್ತಿರಲಿಲ್ಲ. ಹದಿನೇಳು ವರ್ಷ ಬೇರೆಯವರ ಅಲ್ಪವಿರಾಮ ಹುಡುಕಿದ ಕಣ್ಣು ಅದು.

ನಾವು ಒಂಬತ್ತು ಜನ ಹುಡುಗಿಯರು ಸೇರಿದೆವು. ಎಲ್ಲರೂ ಇಲ್ಲಿನ ಪದವಿ ಕಾಲೇಜಿನವರು. ಪ್ರಮಾಣಪತ್ರ ಕೊಡುವ ಸಂಸ್ಥೆಯದ್ದು ಒಂದು ಷರತ್ತಿತ್ತು. ಕಲಿಸುವವರಿಗೆ ಪದವಿ ಇಲ್ಲದಿದ್ದರೆ ಅವರೂ ಮಕ್ಕಳ ಜೊತೆಗೇ ಪರೀಕ್ಷೆಗೆ ಕೂರಬೇಕು, ಪಾಸಾಗಬೇಕು. ಆಗದಿದ್ದರೆ ಕೇಂದ್ರಕ್ಕೆ ಮಾನ್ಯತೆ ಇಲ್ಲ. ಮಾನ್ಯತೆ ಇಲ್ಲದಿದ್ದರೆ ಒಂಬತ್ತು ಜನರ ಪರೀಕ್ಷೆಯೂ ಲೆಕ್ಕಕ್ಕಿಲ್ಲ. ಮತ್ತೆ ಮೊದಲಿನಿಂದ ಶಿವಮೊಗ್ಗದಲ್ಲಿ ಕಲಿಯಬೇಕು. ಈಸೂರಿನಿಂದ ಬರುತ್ತಿದ್ದ ಗಂಗಾಶ್ರೀಯ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಶಿಕಾರಿಪುರಕ್ಕಾದ್ರೆ ಹೋಗು. ಶಿವಮೊಗ್ಗ ಅಂದ್ರೆ ಬ್ಯಾಡ." ಉಳಿದ ಮನೆಗಳಲ್ಲಿಯೂ ಮಾತು ಹೆಚ್ಚುಕಡಿಮೆ ಅದೇ. ನೀಲಕ್ಕ ಪಾಸಾಗುವುದು ನಮ್ಮೆಲ್ಲರ ಪಾಸಾಗುವುದೇ ಆಗಿತ್ತು.

ಅವರು ಕಲಿಸುತ್ತಿದ್ದ ರೀತಿ ಪುಸ್ತಕದ್ದಲ್ಲ.

"ಫಂಕ್ಷನ್ ಅಂದ್ರೆ ಎಂತದು? ಒಬ್ಬರಿಗೆ ಒಂದು ಕೆಲಸ ಹೇಳಿ ಕಳಿಸೋದು. ಹೋಗಿ ದನಕ್ಕೆ ಹುಲ್ಲು ಹಾಕಿ ಬಾ ಅಂದ್ರೆ, ಹಾಕಿ ಬರಿಗೈಲಿ ಬರ್ತಾರೆ. ಅದು ವಾಯ್ಡ್. ಅಂಬ್ಲಿಗೊಳ ಡ್ಯಾಮಲ್ಲಿ ನೀರು ಎಷ್ಟು ಅಡಿ ಐತೆ ನೋಡಿ ಬಾ ಅಂದ್ರೆ? ಬಂದು ಒಂದು ಸಂಖ್ಯೆ ಹೇಳ್ಬೇಕು. ಅದು ಇಂಟ್. ಹೇಳೋ ಸಂಖ್ಯೆ ರಿಟರ್ನ್ ವ್ಯಾಲ್ಯೂ. ಹೋಗಿ ನೋಡಿ, ಬಂದು ಸುಮ್ನೆ ನಿಂತ್ರೆ?"

"ನಾವೇ ಬಾಯಿಗೆ ಬಂದ ಸಂಖ್ಯೆ ಅಂದ್ಕೋಬೇಕು ಅಕ್ಕಾ," ಎಂದಳು ಗಂಗಾಶ್ರೀ.

"ಹೂಂ. ಕಂಪ್ಯೂಟರೂ ಬಾಯಿಗೆ ಬಂದಿದ್ದೇ ಅಂದ್ಕೊಳ್ಳುತ್ತೆ. ಅದಕ್ಕೇ ರಿಟರ್ನ್ ಬರೀದೆ ಬರಬ್ಯಾಡ್ರಿ. ಇನ್ನೊಂದು. ರಿಟರ್ನ್ ಮಾಡೋದು ಒಂದೇ ಒಂದು ಸಂಖ್ಯೆ. ನೀರೂ ನೋಡ್ಕೊಂಡು, ತೂಬು ಎಷ್ಟು ಎತ್ತಿದಾರೆ ಅಂತಾನೂ ನೋಡ್ಕೊಂಡು ಬಾ ಅಂದ್ರೆ, ಅದು ಒಂದನ್ನೇ ಹೇಳೋದು."

ಫಂಕ್ಷನ್ನಿಗೆ ಕಳಿಸಿದ ವೇರಿಯಬಲ್ಲನ್ನು, ಅಂದರೆ ಸಂಖ್ಯೆ ತುಂಬಿಡುವ ಹೆಸರಿನ ಡಬ್ಬಿಯನ್ನು, ಅದು ಒಳಗೆ ಬದಲಿಸಿದರೂ ಹೊರಗೆ ಯಾಕೆ ಬದಲಾಗುವುದಿಲ್ಲ ಎಂಬುದಕ್ಕೆ ಅವರು ಎರಡು ಹಾಳೆಯ ನಡುವೆ ಕಾರ್ಬನ್ ಇಟ್ಟು ಒಂದು ಸಾಲು ಹೊಡೆದರು. ಕೆಳಗಿನ ಹಾಳೆ ಎಳೆದು ಅದರಲ್ಲಿ ಒಂದು ಅಕ್ಷರ ತಿದ್ದಿದರು. ಮೇಲಿನ ಹಾಳೆ ಹಾಗೇ ಇತ್ತು.

"ಫಂಕ್ಷನ್ನಿಗೆ ಹೋಗೋದು ಕಾರ್ಬನ್ ಪ್ರತಿ. ಅದು ಅಲ್ಲಿ ಎಂತ ತಿದ್ದಿದ್ರೂ ಮೂಲ ಹಾಳೆಗೆ ಗೊತ್ತಾಗಲ್ಲ."

"ಮೂಲಾನೇ ತಿದ್ದಬೇಕು ಅಂದ್ರೆ?"

ನೀಲಕ್ಕ ಕಾರ್ಬನ್ ಹಾಳೆ ಮಡಿಸಿಟ್ಟರು. "ಮೂಲ ಎಲ್ಲೈತೆ ಅಂತ ಹೇಳಿ ಕಳಿಸ್ಬೇಕು. ವಿಳಾಸ. ಅದೇ ಪಾಯಿಂಟರ್. ಅದು ಮುಂದಿನ ಪಾಠ," ಎಂದರು. ಪಾಯಿಂಟರುಗಳ ಆ ಅಧ್ಯಾಯವನ್ನು ಅವರು ಎರಡು ಸಲ ಟೈಪ್ ಮಾಡಿದ್ದರು. ಎರಡನೇ ಸಲವೂ ಬೆರಳಿನಿಂದ ದಾಟಿ ತಲೆಗೆ ಹೋಗದೆ ಎಲ್ಲೋ ಮೊಣಕೈ ಹತ್ತಿರ ನಿಂತಿತ್ತು. ಹಾಗೆಂದು ಅವರೇ ಹೇಳಿದರು, ನಾಚಿಕೆಯಿಲ್ಲದೆ.

ತೊಂಬತ್ತೇಳರ ಜನವರಿ. ಪರೀಕ್ಷೆಗೆ ಇನ್ನು ಮೂರು ವಾರ. ಗಂಗಾಶ್ರೀ ಒಂದು ಪ್ರೋಗ್ರಾಂ ಬರೆದಳು. ಹೊಡೆದ ಪದಗಳನ್ನು ನಿಮಿಷಗಳಿಂದ ಭಾಗಿಸಿ ಟೈಪಿಂಗ್ ವೇಗ ಹೇಳುವ ಪುಟ್ಟ ಫಂಕ್ಷನ್ನು. ಪಾಯಿಂಟರ್ ಬಳಸಬೇಕೆಂದು ಹಠ. ಫಂಕ್ಷನ್ನಿನ ಒಳಗೇ ಒಂದು ವೇರಿಯಬಲ್ ಮಾಡಿ, ಅದರಲ್ಲಿ ವೇಗ ಇಟ್ಟು, ಆ ವೇರಿಯಬಲ್ಲಿನ ವಿಳಾಸವನ್ನು ರಿಟರ್ನ್ ಮಾಡಿದಳು. ಹತ್ತು ನಿಮಿಷಕ್ಕೆ ನಾನೂರೈವತ್ತು ಪದ. ಕಂಪ್ಯೂಟರಿನ ಪರದೆಯ ಮೇಲೆ ನಲವತ್ತೈದು ಬಂತು. ಅವಳು ಕುಣಿದಳು. ಕೆಳಗಿನ ಸಾಲಿನಲ್ಲಿ ಅದನ್ನೇ ಇನ್ನೊಮ್ಮೆ ಮುದ್ರಿಸಲು ಹೇಳಿದಾಗ ಬಂದದ್ದು ಯಾವುದೋ ದೊಡ್ಡ ಸಂಖ್ಯೆ. ನಲವತ್ತೈದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ.

"ಯಾಕ್ರೀ ಅಕ್ಕಾ? ಮೊದಲ್ನೇ ಸಲ ಸರಿ ಬಂತಲ್ಲ!"

ನೀಲಕ್ಕ ಚಿಹ್ನೆಗಳನ್ನೆಲ್ಲ ನೋಡಿದರು. ಒಂದೂ ತಪ್ಪಿಲ್ಲ. ಇನ್ನೊಂದು ಕಂಪ್ಯೂಟರಿನಲ್ಲಿ ಹಾಕಿದರು. ಅದೇ ಕತೆ. ಕರೆಂಟು ಏರಿಳಿತದ ಮೇಲೆ ಸ್ವಲ್ಪ ಅನುಮಾನ ಬಂತು. ಮೂರು ದಿನ ಅದೇ ಆಯಿತು. ಬಾಗಿಲಲ್ಲಿ ನಿಂತ ಚಂದ್ರಶೇಖರಪ್ಪ, "ಒಂದು ನಿಂಬೆಹಣ್ಣು ಕಟ್ಟಿ ನೋಡೇ," ಎಂದರು. ನಾವು ನಕ್ಕೆವು. ನೀಲಕ್ಕ ನಗಲಿಲ್ಲ. ಪರೀಕ್ಷೆಯಲ್ಲಿ ಪಾಯಿಂಟರ್ ಕೇಳದೆ ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ನಾಲ್ಕನೇ ದಿನ ಮಧ್ಯಾಹ್ನ ಕುಬಟೂರಿನಿಂದ ಮಹೇಶ್ವರಪ್ಪ ಬಂದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಅವರೆಕಾಯಿಯ ಚೀಲ. ಹಸಿರು ಪರದೆ ಸರಿಸಿ ಒಳಗೆ ಇಣುಕಿದರು.

"ಚಪ್ಲಿ, ಅಪ್ಪಾ!" ಎಂದರು ನೀಲಕ್ಕ.

"ಬಿಟ್ಟೇ ಬಂದೀನಿ ಮಾರಾಯ್ತಿ. ದೇವರ ಗುಡಿಗಿಂತ ಜೋರು ನಿಂದು." ಬೆಂಚಿನ ತುದಿಗೆ ಕೂತರು. "ಕಣ ಮಾಡೀವಿ. ಭಾನುವಾರ ಬಾ. ಈ ಸಲ ಪಡುವಣಕ್ಕಿಲ್ಲ ಮತ್ತೆ, ಕೆರೆ ಹಿಂದೆ. ಹೋದ ವರ್ಷದ್ದೇ ಜಾಗ ಅಂತ ಅಲ್ಲಿಗೆ ಹೋಗಿ ನಿಂತೀಯ. ಅಲ್ಲೀಗ ಯಾರ್ದೋ ಶುಂಠಿ ಮಡಿ ಐತೆ."

ನೀಲಕ್ಕ ಪರದೆಯ ಮೇಲಿನ ಆ ಅಡ್ಡಾದಿಡ್ಡಿ ಸಂಖ್ಯೆಯನ್ನು ನೋಡುತ್ತಾ ಕೂತಿದ್ದರು. ಮೆಲ್ಲಗೆ ತಂದೆಯ ಕಡೆ ತಿರುಗಿದರು.

"ಇನ್ನೊಂದು ಸಲ ಹೇಳಪ್ಪ."

"ಎಂತದು?"

"ಅಲ್ಲಿಗೆ ಹೋದ್ರೆ ಎಂತ ಇರುತ್ತೆ ಅಂದಿ?"

"ಶುಂಠಿ ಮಡಿ. ಕಿವಿ ಕೇಳ್ಸಲ್ವನೇ?"

ನೀಲಕ್ಕ ಎದ್ದು ಹೋಗಿ ಮೊದಲನೇ ಟೈಪ್‌ರೈಟರಿನ ಮರದ ಪೆಟ್ಟಿಗೆ ತೆಗೆದರು. ಆ ಲಕೋಟೆಯನ್ನು ನಾವು ನೋಡಿದ್ದು ಆ ದಿನವೇ. ಅದನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟು, ಕೆಂಪು ಬೆರಳ ಗುರುತಿನ ನಡುವಿನ ವಿಳಾಸದ ಮೇಲೆ ಬೆರಳಿಟ್ಟು, ನೀವು ಮೇಲೆ ಓದಿದ ಕತೆಯನ್ನೆಲ್ಲ ಹೇಳಿದರು. ಮಹೇಶ್ವರಪ್ಪ ತಲೆ ತಗ್ಗಿಸಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅವರಿಗೆ ಆ ಕತೆ ಇನ್ನೂ ಹಳೆಯದಾಗಿರಲಿಲ್ಲ.

"ಗಂಗಾ, ನೀನು ಮಾಡಿದ್ದೂ ಇದೇ ಕಣೇ," ಎಂದರು ನೀಲಕ್ಕ. "ಫಂಕ್ಷನ್ನಿನ ಒಳಗಿನ ವೇರಿಯಬಲ್ಲು ಕಣದ ಗುಡಿಸಲು. ಕೆಲಸ ನಡೀವಾಗ ಮಾತ್ರ ಇರೋದು. ಫಂಕ್ಷನ್ ಮುಗೀತು, ಗುಡಿಸಲು ಬಿಚ್ಚಿದ್ರು. ನೀನು ಹೊರಗೆ ಬರುವಾಗ ಆ ಗುಡಿಸಲಿನ ವಿಳಾಸ ಹಿಡ್ಕೊಂಡು ಬಂದಿ. ವಿಳಾಸ ಸುಳ್ಳಲ್ಲ. ಜಾಗ ಅಲ್ಲೇ ಐತೆ. ತಕ್ಷಣ ಹೋಗಿ ನೋಡಿದ್ರೆ ನೆಲ ಇನ್ನೂ ಸಾರಿಸಿದ ಹಾಗೇ ಇರುತ್ತೆ, ನಾಲ್ಕು ಕಾಳೂ ಬಿದ್ದಿರುತ್ತೆ. ಅದು ನಿನ್ನ ಮೊದಲ್ನೇ ನಲವತ್ತೈದು. ಆಮೇಲೆ?"

"ಇಟ್ಟಿಗೆಯೋರು ಬರ್ತಾರೆ," ಎಂದಳು ಗಂಗಾಶ್ರೀ, ಮೆಲ್ಲಗೆ.

"ಇಟ್ಟಿಗೆಯೋರು ಬರ್ತಾರೆ. ಪ್ರಿಂಟ್ ಮಾಡೋದೂ ಒಂದು ಫಂಕ್ಷನ್ನೇ ಅಲ್ವಾ? ಅದಕ್ಕೂ ತನ್ನ ಸಾಮಾನು ಇಡೋಕೆ ಜಾಗ ಬೇಕು. ಅದೇ ಬಯಲಲ್ಲಿ ಗುಡಿಸಲು ಹಾಕ್ಕೊಳ್ಳುತ್ತೆ. ಎರಡನೇ ಸಲ ಹೋಗಿ ಕೇಳಿದ್ರೆ ಅದರ ಸಾಮಾನು ನಿನ್ನ ಕೈಗೆ ಬರುತ್ತೆ."

ಎಲ್ಲರೂ ಒಟ್ಟಿಗೆ ಮಾತಾಡಿದೆವು. ಹಾಗಾದರೆ ಏನು ಮಾಡಬೇಕು? ನೀಲಕ್ಕ ತಂದೆಯನ್ನೇ ಕೇಳಿದರು: "ಅಪ್ಪಾ, ಕಣದ ಭತ್ತ ಮನೆಗೆ ಹೆಂಗೆ ತರ್ತೀರಿ?"

ಮಹೇಶ್ವರಪ್ಪನಿಗೆ ಈ ಪ್ರಶ್ನೆಯೇ ತಮಾಷೆ. "ಎಂತ ಪಾಠವೇ ಇದು! ಒಂದು ಚೀಲ ಆದ್ರೆ ನಾನೇ ತಲೆ ಮೇಲೆ ಹೊತ್ಕೊಂಡು ಬರ್ತೀನಿ. ಜಾಸ್ತಿ ಐತಾ, ಗಾಡಿಯೋನಿಗೆ ಮನೆ ಯಾವುದು ಅಂತ ಹೇಳ್ತೀನಿ. ಅವನೇ ಹೋಗಿ ಪಡಸಾಲೇಲಿ ಇಳಿಸ್ತಾನೆ."

"ಬರ್ಕೊಳ್ರೇ," ಎಂದರು ನೀಲಕ್ಕ. ಅವರ ದನಿಯಲ್ಲಿ ನಾವು ಹಿಂದೆಂದೂ ಕೇಳದ ಒಂದು ಹೊಳಪಿತ್ತು. "ಒಂದೇ ಉತ್ತರ ಆದ್ರೆ, ಅದರ ವಿಳಾಸ ಅಲ್ಲ, ಉತ್ತರಾನೇ ರಿಟರ್ನ್ ಮಾಡಿ. ತಲೆ ಮೇಲೆ ಹೊತ್ತು ತನ್ನಿ. ಎರಡು ಉತ್ತರ ಬೇಕಾ, ಕರೆಯೋರು ತಮ್ಮ ಮನೆ ವಿಳಾಸ ಕೊಟ್ಟು ಕಳಿಸಿ. ಫಂಕ್ಷನ್ನು ಬಂದು ಅಲ್ಲೇ ಇಳಿಸಿ ಹೋಗ್ಲಿ. ವೇರಿಯಬಲ್ಲಿನ ಹೆಸರಿನ ಮುಂದೆ & ಹಾಕಿದ್ರೆ ಅದರ ವಿಳಾಸ. ವಿಳಾಸದ ಮುಂದೆ * ಹಾಕಿದ್ರೆ ಬಾಗಿಲು ತೆಗೆದು ಒಳಗೆ ಹೋದ ಹಾಗೆ. ಕಣದ ವಿಳಾಸ ಮಾತ್ರ ಯಾರಿಗೂ ಕೊಡಬ್ಯಾಡ್ರಿ."

ಅವತ್ತು ಸಂಜೆ ಅವರು ಆ ಅಧ್ಯಾಯವನ್ನು ಮೂರನೇ ಸಲ ಟೈಪ್ ಮಾಡಿದರು. ಗಂಟೆಗಳು ಒಂದೇ ಅಳತೆಯಲ್ಲಿ ಬಡಿಯುತ್ತಾ ಹೋದವು.

ಪರೀಕ್ಷೆಯ ದಿನ ಶಿವಮೊಗ್ಗದಿಂದ ಬಂದ ಪರೀಕ್ಷಕರ ಹೆಸರು ಸಿದ್ಧಲಿಂಗೇಶ್. ಮೂವತ್ತು ದಾಟಿರದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಟೈಪ್‌ರೈಟರುಗಳ ಸಾಲನ್ನು ನೋಡಿ ನಕ್ಕರು.

"ಇದು ಟೈಪಿಂಗ್ ಅಲ್ಲ ಮೇಡಂ, ಸಿ. ತಲೆ ಬೇಕಾಗುತ್ತೆ."

"ಟೈಪಿಂಗಿಗೂ ಬೇಕು ಸರ್," ಎಂದರು ನೀಲಕ್ಕ.

"ನೀವೂ ಅಭ್ಯರ್ಥಿ ಅಲ್ವಾ? ಪಿಯುಸಿ?"

"ಹೌದು. ಎಪ್ಪತ್ತೈದನೇ ಇಸವಿ."

"ನಾನಾಗ ಒಂದನೇ ಕ್ಲಾಸು," ಎಂದು ಅವರು ಮತ್ತೆ ನಕ್ಕರು. ಮೊದಲು ನೀಲಕ್ಕನನ್ನೇ ಕೂರಿಸಿದರು. "ಟೈಪಿಂಗ್ ಶಾಲೆ ಅಂದಮೇಲೆ ಅದನ್ನೇ ಕೊಡ್ತೀನಿ. ಪದ, ನಿಮಿಷ, ತಪ್ಪು, ಈ ಮೂರು ತಗೊಂಡು ಒಟ್ಟು ವೇಗ, ತಪ್ಪು ಕಳೆದ ವೇಗ ಎರಡನ್ನೂ ಕೊಡೋ ಒಂದೇ ಫಂಕ್ಷನ್ ಬರೀರಿ."

ಎರಡು ಉತ್ತರ. ಬೆಂಚಿನ ಮೇಲೆ ಕೂತಿದ್ದ ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ನೀಲಕ್ಕ ಕೀಲಿಮಣೆಯನ್ನು ನೋಡದೆ, ಪರದೆಯನ್ನಷ್ಟೇ ನೋಡುತ್ತಾ ಹೊಡೆದರು. ಮುಖ್ಯ ಪ್ರೋಗ್ರಾಮಿನಲ್ಲಿ ಎರಡು ವೇರಿಯಬಲ್ಲು. ಅವುಗಳ ವಿಳಾಸ ಫಂಕ್ಷನ್ನಿಗೆ ಕೊಟ್ಟರು. ಫಂಕ್ಷನ್ನು ಆ ಎರಡು ಮನೆಗಳಿಗೆ ಹೋಗಿ ಎರಡು ಉತ್ತರ ಇಳಿಸಿ ಬರಿಗೈಲಿ ಮರಳಿತು. ನಲವತ್ತೈದು, ನಲವತ್ತೊಂದು.

ಸಿದ್ಧಲಿಂಗೇಶ್ ಬಗ್ಗಿ ನೋಡಿದರು. "ಉತ್ತರ ಸರಿ. ಆದ್ರೆ ಸುತ್ತಿ ಬಳಸಿ ಬರೆದಿದೀರಿ. ಫಂಕ್ಷನ್ ಒಳಗೇ ಎರಡು ಖಾನೆಯ ಒಂದು ಅರೇ ಮಾಡಿ, ಅದರ ವಿಳಾಸ ರಿಟರ್ನ್ ಮಾಡಿದ್ರೆ ಆಯ್ತಲ್ಲ? ಸಲೀಸು. ಹಾಗೆ ತಿದ್ದಿಬಿಡಿ, ನಿಮ್ಮದು ಮುಗೀತು. ಪಾಸ್ ಹಾಕಿ ಮಕ್ಕಳನ್ನ ಕರೀತೀನಿ."

ಅವರ ಪೆನ್ನು ಆಗಲೇ ಹಾಳೆಯ ಮೇಲಿತ್ತು.

ನೀಲಕ್ಕನ ಬೆರಳುಗಳು ಕೀಲಿಗಳ ಮೇಲೆ ನಿಂತವು. ನಾಲ್ಕು ಸಾಲು ಬದಲಿಸಬೇಕು, ಅಷ್ಟೇ. ಅವರಿಗೆ ಅರ್ಧ ನಿಮಿಷದ ಕೆಲಸ. ಬದಲಿಸಿದರೆ ಮಾನ್ಯತೆ ಬರುತ್ತದೆ, ಒಂಬತ್ತು ಜನರಿಗೂ ಶಿಕಾರಿಪುರದಲ್ಲೇ ಪರೀಕ್ಷೆಯಾಗುತ್ತದೆ. ಬದಲಿಸದಿದ್ದರೆ ಆ ಪೆನ್ನು ಏನು ಬರೆಯುತ್ತದೋ ಗೊತ್ತಿಲ್ಲ. ಗಂಗಾಶ್ರೀ ನನ್ನ ಕೈ ಹಿಡಿದಿದ್ದಳು. ಟೈಪಿಂಗ್ ಕೋಣೆಯಲ್ಲಿ ಯಾರೋ ಒಬ್ಬಳು ಅಭ್ಯಾಸ ಮಾಡುತ್ತಿದ್ದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ನೀಲಕ್ಕ ಒಮ್ಮೆ ನಮ್ಮ ಕಡೆ ತಿರುಗಿ ನೋಡಿದರು. ಕೈಗಳನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಅದು ತಪ್ಪಾಗುತ್ತೆ ಸರ್."

"ಏನು?"

"ನೀವು ಹೇಳಿದ ಹಾಗೆ ಬರೆದ್ರೆ ತಪ್ಪಾಗುತ್ತೆ."

"ಮೇಡಂ, ನಾನು ಮೂರು ವರ್ಷದಿಂದ ಹಾಗೇ ಬರೀತಿದೀನಿ. ಒಂದು ದಿನ ತಪ್ಪು ಬಂದಿಲ್ಲ."

"ಒಂದು ಸಲ ಸರಿ ಬರುತ್ತೆ ಸರ್. ಎರಡನೇ ಸಲ ಕೇಳಿ ನೋಡಿ. ಈ ಮಕ್ಕಳಿಗೆ ನಾನು ಹಾಗೆ ಬರೀಬ್ಯಾಡಿ ಅಂತ ಹೇಳಿದೀನಿ. ಅವರ ಎದುರಿಗೇ ನಾನು ಹೆಂಗೆ ಬರೀಲಿ?"

ದನಿ ಏರಿಸಲಿಲ್ಲ. ಎದ್ದು ಕುರ್ಚಿ ಬಿಟ್ಟುಕೊಟ್ಟರು. "ಬ್ರಿಟಿಷರಿಗೆ ಏಸೂರು ಕೊಟ್ರೂ ಈಸೂರು ಕೊಡಲ್ಲ ಅಂದ ಗಟ್ಟಿಗರು ನಮ್ಮೂರೋರು ಮಾತ್ರ ಅಂತ ತಿಳ್ಕೊಂಡಿದ್ದೆ," ಎಂದು ಗಂಗಾಶ್ರೀ ನನ್ನ ಕಿವಿಯಲ್ಲಿ ಉಸುರಿದಳು.

ಸಿದ್ಧಲಿಂಗೇಶ್ ಕೂತು ತಮ್ಮ ರೀತಿಯಲ್ಲಿ ಬರೆದರು. ನಡೆಸಿದರು. ನಲವತ್ತೈದು, ನಲವತ್ತೊಂದು. ನೀಲಕ್ಕನ ಕಡೆ ನೋಡಿದರು. ನೀಲಕ್ಕ ಬೆರಳಿನಿಂದ ಪರದೆಯ ಕೆಳಗಿನ ಜಾಗ ತೋರಿಸಿದರು. ಸಿದ್ಧಲಿಂಗೇಶ್ ಮುದ್ರಿಸುವ ಸಾಲನ್ನು ಇನ್ನೊಮ್ಮೆ ಬರೆದು ನಡೆಸಿದರು.

ಮೊದಲ ಸಾಲು: ನಲವತ್ತೈದು, ನಲವತ್ತೊಂದು. ಎರಡನೇ ಸಾಲಿನಲ್ಲಿ ಬಂದವು ಯಾರ ವೇಗವೂ ಆಗಲಾರದ ಎರಡು ಸಂಖ್ಯೆಗಳು.

ಅವರು ತುಂಬ ಹೊತ್ತು ನೋಡಿದರು. ಮತ್ತೊಮ್ಮೆ ನಡೆಸಿದರು. ಜೇಬಿನಿಂದ ಎರಡನೇ ಪೆನ್ನು ತೆಗೆದು, ಯಾಕೆ ತೆಗೆದೆವೆಂದು ಮರೆತವರಂತೆ ಮತ್ತೆ ಸಿಕ್ಕಿಸಿಕೊಂಡರು. ನಗು ಹೋಗಿತ್ತು, ಸಿಟ್ಟು ಬಂದಿರಲಿಲ್ಲ.

"ನಾನು ಯಾವತ್ತೂ ಎರಡನೇ ಸಲ ಕೇಳೇ ಇರಲಿಲ್ಲ," ಎಂದರು. "ಇದು ಯಾವ ಪುಸ್ತಕದಲ್ಲಿದೆ ಮೇಡಂ?"

"ಪುಸ್ತಕದಲ್ಲೂ ಇರಬಹುದು ಸರ್. ನಾನು ನೋಡಿದ್ದು ಕುಬಟೂರಲ್ಲಿ."

ಅವರಿಗೆ ಅರ್ಥವಾಗಲಿಲ್ಲ. ಎಂಟು ಜನರ ಪರೀಕ್ಷೆ ಮುಗಿಸಿ, ಒಂಬತ್ತನೆಯವಳಾದ ಗಂಗಾಶ್ರೀಯನ್ನು ಪಾಯಿಂಟರ್ ಎಂದರೇನು ಎಂದು ಕೇಳಿದಾಗ ಅವಳು ಗುಡಿಸಲಿನಿಂದ ಹಿಡಿದು ಇಟ್ಟಿಗೆಯವರ ತನಕ ಹೇಳಿದಳು. ಆಗ ಅವರು ಪೆನ್ನಿನ ಮುಚ್ಚಳ ಹಾಕಿ, ಪರದೆಯಾಚೆ ಟೀ ಸೋಸುತ್ತಿದ್ದ ನೀಲಕ್ಕನ ಕಡೆ ತಿರುಗಿದರು.

ಹಾಳೆಗಳಿಗೆ ಸಹಿಯಾಯಿತು. ಹತ್ತು ಹೆಸರು, ಹತ್ತರ ಮುಂದೂ ಪಾಸ್. ಕೊನೆಗೆ ಮಾನ್ಯತೆಯ ಶಿಫಾರಸು ಪತ್ರ. ಅದನ್ನು ಅವರು ಎರಡು ಸಲ ಓದಿ, "ಬೋಧಕರು ಸಮರ್ಥರು" ಎಂಬಲ್ಲಿ ಮೇಲೊಂದು ಬಾಣ ಹಾಕಿ "ಅತ್ಯಂತ" ಎಂದು ಸೇರಿಸಿದರು.

ಚಂದ್ರಶೇಖರಪ್ಪ ಅಂಗಡಿಯಿಂದ ಅರ್ಧ ಓಡಿಯೇ ಬಂದಿದ್ದರು. "ಪಾಸಾ?" ಎಂದು ಸನ್ನೆಯಲ್ಲಿ ಕೇಳಿದರು. ನಾವು ತಲೆಯಾಡಿಸಿದೆವು. ಅವರು ಟೀ ಲೋಟಗಳ ತಟ್ಟೆಯನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು ತಾವೇ ಎಲ್ಲರಿಗೂ ಕೊಟ್ಟರು. ಆ ಮನೆಯಲ್ಲಿ ನಾವು ಅದನ್ನು ನೋಡಿದ್ದು ಅದೇ ಮೊದಲು.

"ಮಾನ್ಯತೆ ಪತ್ರ ತಿಂಗಳೊಳಗೆ ಅಂಚೆಯಲ್ಲಿ ಬರುತ್ತೆ ಮೇಡಂ," ಎಂದು ಸಿದ್ಧಲಿಂಗೇಶ್ ಒಂದು ಹಾಳೆ ಮುಂದಿಟ್ಟರು. "ವಿಳಾಸ ಇಲ್ಲಿ ಬರೀರಿ."

ನೀಲಕ್ಕ ಬರೆಯಲಿಲ್ಲ. ಹಾಳೆಯನ್ನು ಮೊದಲನೇ ಟೈಪ್‌ರೈಟರಿಗೆ ಸುತ್ತಿ, ನಿಂತೇ ಹೊಡೆದರು. ಮನೆ ನಂಬರು, ಓಣಿ, ಕೆರೆ ಏರಿ, ಶಿಕಾರಿಪುರ. ಹಾಳೆ ಎಳೆದು ಒಮ್ಮೆ ಓದಿ ಕೊಟ್ಟರು.

"ಮನೆ ಬದಲಾಯಿಸೋದು ಏನೂ ಇಲ್ವಲ್ಲ?" ಎಂದರು ಸಿದ್ಧಲಿಂಗೇಶ್. ಈ ಸಲದ ನಗುವಿನಲ್ಲಿ ಕೊಂಕಿರಲಿಲ್ಲ.

"ಇಲ್ಲ ಸರ್. ಇದು ಕಲ್ಲಿನ ಮನೆ. ಹದಿನೆಂಟು ವರ್ಷ ಆಯ್ತು, ಇಲ್ಲಿಗೆ ಬಂದ ಯಾವ ಕಾಗದಾನೂ ನಾನು ಇದುವರೆಗೆ..."

ಹೊರಕೋಣೆಯಲ್ಲಿ ಟಿಂಗ್ ಎಂದಿತು. ಅದರ ಹಿಂದೆ ಬರಬೇಕಾದ ಹಿಡಿಯ ಸದ್ದು ಬರಲಿಲ್ಲ. ಅಕ್ಷರದ ಮೇಲೆ ಅಕ್ಷರ ಬೀಳತೊಡಗಿತು.

"ಐದನೇ ಮಿಷನ್ನು!" ಎಂದು ನೀಲಕ್ಕ ಪರದೆ ಸರಿಸಿ ನಡೆದರು. "ಸಾಲು ಮುಗಿದ ಮೇಲೂ ಅಲ್ಲೇ ನಿಂತ್ರೆ ಹೆಂಗೇ, ಎಡಗೈ ಎಲ್ಲೈತೆ, ಹಿಡಿ ತಳ್ಳಿ ಮುಂದಿನ ಸಾಲಿಗೆ ಹೋಗೇ!"